ಮಾನವಸಹಿತ ಗಗನನೌಕೆಯು ಕಕ್ಷೆಯಿಂದ ಭೂಮಿಗೆ ಮರಳುವುದರ ವೀಕ್ಷಣೆ: ಸಾರ್ವಜನಿಕರ ತಿಳುವಳಿಕೆಗಾಗಿ

1. ಪೀಠಿಕೆ

ಬಾಹ್ಯಾಕಾಶಕ್ಕೆ ತೆರಳಿದ ಗಗನಯಾತ್ರಿಗಳ ಉಡಾವಣೆಯನ್ನು ವೀಕ್ಷಿಸುವಷ್ಟೇ ಕುತೂಹಲದಿಂದ ಅವರ ಮರುಪ್ರಯಾಣವನ್ನೂ ಸಾರ್ವಜನಿಕರು ವೀಕ್ಷಿಸುತ್ತಿದ್ದಾರೆ. 2025ನೇ ಸಾಲಿನ ಜುಲೈ ತಿಂಗಳಿನಲ್ಲಿ ಭಾರತೀಯ ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರು ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹಿಂತಿರುಗಿದ ಸಂದರ್ಭದಲ್ಲಿ ಲಕ್ಷಾಂತರ ಭಾರತೀಯರು ಆ ಇಳಿಯುವಿಕೆಯನ್ನು ದೂರದರ್ಶನದ ಮೂಲಕ ವೀಕ್ಷಿಸಿದರು. ಆದರೆ ತೆರೆಯ ಮೇಲೆ ಕಾಣುವ ಪ್ರತಿಯೊಂದು ಹಂತದ ಅರ್ಥವೇನು, ಸಂಪರ್ಕವು ಕೆಲಕಾಲ ಕಡಿತಗೊಳ್ಳುವುದೇಕೆ, ಇಂತಹ ದೃಶ್ಯವನ್ನು ನಮ್ಮ ಊರಿನಿಂದ ಕಾಣಬಹುದೇ, ಆಕಾಶದಿಂದ ಬಿದ್ದ ವಸ್ತು ಕಂಡುಬಂದಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆಗಳು ನಾಗರಿಕರಲ್ಲಿ ಮೂಡುವುದು ಸಹಜ. ಈ ಪ್ರಶ್ನೆಗಳಿಗೆ ಸರಳವಾಗಿ ಉತ್ತರಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

2. ಕಕ್ಷೆಯಿಂದ ಇಳಿಯುವುದು ಎಂದರೇನು?

ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಭೂಮಿಯಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 27,600 ಕಿ.ಮೀ. ವೇಗದಲ್ಲಿ ಸಂಚರಿಸುತ್ತದೆ. ಒಂದು ಸುತ್ತು ಪೂರೈಸಲು ಅದಕ್ಕೆ ಸುಮಾರು 90 ನಿಮಿಷಗಳು ಸಾಕು. ಅದರಿಂದ ಬೇರ್ಪಟ್ಟ ನೌಕೆಯೂ ಅದೇ ವೇಗದಲ್ಲಿಯೇ ಸಾಗುತ್ತಿರುತ್ತದೆ. ಆದ್ದರಿಂದ ನೌಕೆಯು ಮೇಲಿನಿಂದ ಬಿಟ್ಟ ಕಲ್ಲಿನಂತೆ ನೇರವಾಗಿ ಕೆಳಗೆ ಬೀಳುವುದಿಲ್ಲ ಎಂಬುದನ್ನು ಮೊದಲಿಗೆ ಗಮನಿಸತಕ್ಕದ್ದು.

ಇಳಿಯಬೇಕಾದಾಗ ನೌಕೆಯ ಎಂಜಿನ್ನುಗಳನ್ನು ಚಲನೆಯ ದಿಕ್ಕಿಗೆ ವಿರುದ್ಧವಾದ ಒತ್ತಡ ದೊರೆಯುವಂತೆ ಉರಿಸಿ ವೇಗವನ್ನು ಕುಗ್ಗಿಸಲಾಗುತ್ತದೆ. ಹೀಗೆ ಕುಗ್ಗಿಸುವ ವೇಗವು ಒಟ್ಟು ವೇಗದ ಶೇಕಡ 2ಕ್ಕಿಂತಲೂ ಕಡಿಮೆ. ಇಷ್ಟರಿಂದಲೇ ಪಥವು ಬಾಗಿ ವಾಯುಮಂಡಲವನ್ನು ಸಂಧಿಸುತ್ತದೆ. ಉಳಿದ ವೇಗವನ್ನೆಲ್ಲ ತಗ್ಗಿಸುವ ಕಾರ್ಯವನ್ನು ಗಾಳಿಯೇ ನಿರ್ವಹಿಸುತ್ತದೆ.

ಈ ಕಾರ್ಯ ಎಷ್ಟು ದೊಡ್ಡದು ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಕಕ್ಷಾವೇಗದಲ್ಲಿ ಚಲಿಸುವ ಪ್ರತಿ 1 ಕಿಲೋಗ್ರಾಂ ದ್ರವ್ಯರಾಶಿಯಲ್ಲಿ ಸುಮಾರು 3 ಕೋಟಿ ಜೌಲ್‌ನಷ್ಟು ಶಕ್ತಿ ಅಡಗಿರುತ್ತದೆ. ಸುಮಾರು 11 ಲೀಟರ್ ನೀರನ್ನು ಕುದಿಸಿ ಸಂಪೂರ್ಣವಾಗಿ ಆವಿಯಾಗಿಸಲು ಇಷ್ಟು ಶಕ್ತಿ ಸಾಕಾಗುತ್ತದೆ. ಹಲವು ಸಾವಿರ ಕಿಲೋಗ್ರಾಂ ತೂಕದ ನೌಕೆಯು ಈ ಶಕ್ತಿಯನ್ನೆಲ್ಲ ಕೆಲವೇ ನಿಮಿಷಗಳಲ್ಲಿ, ಒಳಗಿರುವ ಮನುಷ್ಯರಿಗೆ ತಗುಲದಂತೆ, ಹೊರಗೆ ಚೆಲ್ಲಬೇಕು. ಮರುಪ್ರಯಾಣದ ಅಪಾಯವೂ ಸೊಬಗೂ ಇದರಲ್ಲಿಯೇ ಇವೆ. ಆಕಾಶದಲ್ಲಿ ನಮಗೆ ಕಾಣುವ ಬೆಳಕು ಹೀಗೆ ಹೊರಚೆಲ್ಲಲ್ಪಟ್ಟ ಶಕ್ತಿಯೇ ಆಗಿರುತ್ತದೆ.

3. ಇಳಿಯುವಿಕೆಯ ಹಂತಗಳು

ಸಾಮಾನ್ಯವಾಗಿ ಕೋಶರೂಪದ ನೌಕೆಯೊಂದರ ಮರುಪ್ರಯಾಣವು ಈ ಕೆಳಕಂಡ ಹಂತಗಳಲ್ಲಿ ನಡೆಯುತ್ತದೆ.

(ಅ) ಬೇರ್ಪಡುವಿಕೆ: ನೌಕೆಯು ನಿಲ್ದಾಣದಿಂದ ಕಳಚಿಕೊಂಡು ನಿಧಾನವಾಗಿ ಸುರಕ್ಷಿತ ದೂರಕ್ಕೆ ಸರಿಯುತ್ತದೆ.

(ಆ) ಕಕ್ಷೆ ತ್ಯಜಿಸುವ ದಹನ: ಎಂಜಿನ್ನುಗಳನ್ನು ನಿಗದಿತ ಕ್ಷಣದಲ್ಲಿ, ನಿಗದಿತ ಅವಧಿಗೆ ಉರಿಸಲಾಗುತ್ತದೆ. ಇದರಲ್ಲಿ ಕೆಲವು ಸೆಕೆಂಡುಗಳ ವ್ಯತ್ಯಾಸವಾದರೂ ಇಳಿಯುವ ಸ್ಥಳವು ಬಹಳ ದೂರ ಸರಿಯುತ್ತದೆ.

(ಇ) ಅನವಶ್ಯಕ ಭಾಗಗಳ ವಿಸರ್ಜನೆ: ಗಗನಯಾತ್ರಿಗಳಿರುವ ಕೋಶವನ್ನು ಹೊರತುಪಡಿಸಿ ಉಳಿದ ಭಾಗಗಳನ್ನು ಕಳಚಲಾಗುತ್ತದೆ. ಇವು ಬಹುಮಟ್ಟಿಗೆ ವಾಯುಮಂಡಲದಲ್ಲಿ ಉರಿದುಹೋಗುತ್ತವೆ.

(ಈ) ವಾಯುಮಂಡಲ ಪ್ರವೇಶ: ಸುಮಾರು 100ರಿಂದ 120 ಕಿ.ಮೀ. ಎತ್ತರದಲ್ಲಿ ಗಾಳಿಯ ಪ್ರಭಾವ ಆರಂಭವಾಗುತ್ತದೆ. ನೌಕೆಯ ಮುಂದಿರುವ ಗಾಳಿಯು ಪಕ್ಕಕ್ಕೆ ಸರಿಯಲು ಅವಕಾಶವಿಲ್ಲದೆ ಹಠಾತ್ತನೆ ಒತ್ತಲ್ಪಟ್ಟು ಸಾವಿರಾರು ಡಿಗ್ರಿ ಉಷ್ಣತೆಗೆ ಏರುತ್ತದೆ. ಕೇವಲ ಉಜ್ಜುವಿಕೆಯಿಂದ ಶಾಖ ಉಂಟಾಗುತ್ತದೆಂಬ ಭಾವನೆ ಸಾಮಾನ್ಯವಾಗಿದ್ದರೂ, ಶಾಖದ ಬಹುಪಾಲು ಬರುವುದು ಈ ಒತ್ತುವಿಕೆಯಿಂದ. ಕೋಶದ ತಳದ ಶಾಖಕವಚವು ತಾನು ಪದರಪದರವಾಗಿ ಸುಟ್ಟು ಸವೆಯುತ್ತ ಶಾಖವನ್ನು ಹೊರಕ್ಕೊಯ್ಯುತ್ತದೆ.

(ಉ) ಸಂಪರ್ಕ ಕಡಿತ: ಬಿಸಿಯಾದ ಗಾಳಿಯು ವಿದ್ಯುದಾವೇಶಗೊಂಡು ಪ್ಲಾಸ್ಮಾ ಸ್ಥಿತಿಯನ್ನು ತಲುಪುತ್ತದೆ. ಈ ಹೊದಿಕೆಯನ್ನು ದಾಟಿ ರೇಡಿಯೋ ತರಂಗಗಳು ಸಾಗಲಾರವು. ಆದಕಾರಣ ಕೆಲವು ನಿಮಿಷಗಳ ಕಾಲ ನೌಕೆಯೊಡನೆ ಮಾತುಕತೆ ಸಾಧ್ಯವಾಗುವುದಿಲ್ಲ. ಇದು ಮೊದಲೇ ನಿರೀಕ್ಷಿಸಿದ ಮೌನವಾಗಿದ್ದು, ವೀಕ್ಷಕರು ಇದರಿಂದ ಗಾಬರಿಗೊಳ್ಳಬೇಕಾಗಿಲ್ಲ.

(ಊ) ಪ್ಯಾರಾಚೂಟುಗಳು: ಮೊದಲು ಸಣ್ಣ ಪ್ಯಾರಾಚೂಟುಗಳು ತೆರೆದು ಕೋಶವನ್ನು ಸ್ಥಿರಗೊಳಿಸುತ್ತವೆ. ನಂತರ ಮುಖ್ಯ ಪ್ಯಾರಾಚೂಟುಗಳು ತೆರೆದು ವೇಗವನ್ನು ಸುರಕ್ಷಿತ ಮಟ್ಟಕ್ಕೆ ತರುತ್ತವೆ.

(ಋ) ನೆಲ ಅಥವಾ ಜಲಸ್ಪರ್ಶ ಮತ್ತು ರಕ್ಷಣೆ: ಕಾಯ್ದು ನಿಂತಿರುವ ತಂಡಗಳು ಕೋಶವನ್ನು ತಲುಪಿ ಗಗನಯಾತ್ರಿಗಳನ್ನು ಹೊರತರುತ್ತವೆ. ದೀರ್ಘಕಾಲ ತೂಕರಹಿತ ಸ್ಥಿತಿಯಲ್ಲಿದ್ದವರಿಗೆ ತಕ್ಷಣ ನಿಲ್ಲುವುದೂ ಕಷ್ಟವಾಗಬಹುದಾದ್ದರಿಂದ ಅವರನ್ನು ಕುರ್ಚಿ ಅಥವಾ ಸ್ಟ್ರೆಚರಿನಲ್ಲಿ ಒಯ್ಯುವುದು ವಾಡಿಕೆ. ಇದನ್ನು ಅನಾರೋಗ್ಯದ ಲಕ್ಷಣವೆಂದು ಭಾವಿಸತಕ್ಕದ್ದಲ್ಲ.

4. ಉದಾಹರಣೆ: 2025ರ ಜುಲೈ 15ರ ಇಳಿಯುವಿಕೆ

ಆಕ್ಸಿಯಂ-4 ಯಾನದಲ್ಲಿ ಅಮೆರಿಕದ ಪೆಗ್ಗಿ ವಿಟ್ಸನ್, ಭಾರತದ ಶುಭಾಂಶು ಶುಕ್ಲಾ, ಪೋಲೆಂಡಿನ ಸ್ವಾವೋಶ್ ಉಝ್ನಾನ್ಸ್ಕಿ-ವಿಸ್ನಿಯೆವ್ಸ್ಕಿ ಹಾಗೂ ಹಂಗೇರಿಯ ಟಿಬೋರ್ ಕಾಪು ಅವರು ಪಾಲ್ಗೊಂಡಿದ್ದರು. 2025ರ ಜೂನ್ 25ರಂದು ಉಡಾವಣೆಗೊಂಡ ಇವರ ಡ್ರ್ಯಾಗನ್ ನೌಕೆಗೆ ಗ್ರೇಸ್ ಎಂದು ಹೆಸರಿಡಲಾಗಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಧಾರವಾಡ ಐಐಟಿಯ ಸಹಯೋಗದಲ್ಲಿ ರೂಪಿಸಿದ ಹೆಸರುಕಾಳು ಮತ್ತು ಮೆಂತ್ಯದ ಮೊಳಕೆಯ ಪ್ರಯೋಗವೂ ಈ ಯಾನದಲ್ಲಿ ಸೇರಿತ್ತೆಂಬುದು ನಮ್ಮ ರಾಜ್ಯಕ್ಕೆ ಸಂತಸದ ವಿಷಯ.

ಮರುಪ್ರಯಾಣದ ಮುಖ್ಯ ಘಟ್ಟಗಳು ಭಾರತೀಯ ಕಾಲಮಾನದಲ್ಲಿ ಸುಮಾರಾಗಿ ಹೀಗಿದ್ದವು:

ಜುಲೈ 14, ಸಂಜೆ 4.45: ನಿಲ್ದಾಣದಿಂದ ಬೇರ್ಪಡುವಿಕೆ.
ಜುಲೈ 15, ಮಧ್ಯಾಹ್ನ 2.07: ಕಕ್ಷೆ ತ್ಯಜಿಸುವ ದಹನ ಆರಂಭ. ಅವಧಿ ಸುಮಾರು 18 ನಿಮಿಷ.
ಮಧ್ಯಾಹ್ನ 2.26: ನೌಕೆಯ ಹಿಂಭಾಗದ ಕೊಳವೆಯಾಕಾರದ ಭಾಗದ ವಿಸರ್ಜನೆ.
ಮಧ್ಯಾಹ್ನ 2.57: ಸುಮಾರು 5.7 ಕಿ.ಮೀ. ಎತ್ತರದಲ್ಲಿ 2 ಸಣ್ಣ ಪ್ಯಾರಾಚೂಟುಗಳು, ಬಳಿಕ ಸುಮಾರು 2 ಕಿ.ಮೀ. ಎತ್ತರದಲ್ಲಿ 4 ಮುಖ್ಯ ಪ್ಯಾರಾಚೂಟುಗಳು.
ಮಧ್ಯಾಹ್ನ 3.01: ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಕರಾವಳಿಯಾಚೆ ಪೆಸಿಫಿಕ್ ಸಾಗರದಲ್ಲಿ ಜಲಸ್ಪರ್ಶ.

ಭಾರತದಲ್ಲಿ ಮಧ್ಯಾಹ್ನವಾಗಿದ್ದಾಗ ಅಲ್ಲಿ ನಸುಕಿಗೂ ಮುಂಚಿನ 2.31 ಗಂಟೆಯಾಗಿತ್ತು. ನೌಕೆಯು ಶಬ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಬರುವುದರಿಂದ ಗುಡುಗಿನಂತಹ ಸದ್ದು ಕೇಳಿಸಬಹುದೆಂದು ನೌಕೆಯನ್ನು ನಿರ್ವಹಿಸುವ ಸ್ಪೇಸ್‌ಎಕ್ಸ್ ಸಂಸ್ಥೆಯು ಮುಂಚಿತವಾಗಿಯೇ ಪ್ರಕಟಿಸಿತ್ತು. ಪೂರ್ವಭಾವಿ ಪ್ರಕಟಣೆ ಇಲ್ಲದಿದ್ದಲ್ಲಿ ನಡುರಾತ್ರಿಯ ಇಂತಹ ಸದ್ದು ಜನರಲ್ಲಿ ಭೀತಿಯನ್ನುಂಟುಮಾಡಬಹುದು ಎಂಬ ಕಾರಣದಿಂದ ಈ ಪದ್ಧತಿಯು ಅನುಕರಣೀಯವಾಗಿದೆ.

ಡ್ರ್ಯಾಗನ್ ನೌಕೆಗಳು ಮೊದಲು ಫ್ಲಾರಿಡಾ ಕರಾವಳಿಯ ಬಳಿ ಇಳಿಯುತ್ತಿದ್ದವು. 2025ರ ಮಾರ್ಚ್ 19ರಂದು ನಮ್ಮ ಕಾಲಮಾನದ ನಸುಕಿನ 3.27ಕ್ಕೆ ಸುನೀತಾ ವಿಲಿಯಮ್ಸ್ ಅವರು 286 ದಿನಗಳ ವಾಸದ ನಂತರ ಇಳಿದದ್ದೂ ಅಲ್ಲಿಯೇ. ಆದರೆ ಹಿಂಭಾಗದ ಕೊಳವೆಯ ತುಣುಕುಗಳು ಪೂರ್ತಿ ಉರಿಯದೆ ಆಸ್ಟ್ರೇಲಿಯಾ, ಕೆನಡಾ ಮತ್ತು ಅಮೆರಿಕದ ನೆಲದಲ್ಲಿ ದೊರೆತ ಕಾರಣ, ಆ ಭಾಗವು ಜನವಸತಿಯಿಲ್ಲದ ಪೆಸಿಫಿಕ್ ಸಾಗರದಲ್ಲಿ ಬೀಳುವಂತೆ ಇಳಿಯುವ ಸ್ಥಳವನ್ನು 2025ರ ಏಪ್ರಿಲ್‌ನಿಂದ ಪಶ್ಚಿಮ ಕರಾವಳಿಗೆ ಬದಲಾಯಿಸಲಾಯಿತು. ನೆಲದ ಮೇಲಿನ ಸಾಮಾನ್ಯ ಜನರು ತಮಗೆ ದೊರೆತ ತುಣುಕುಗಳ ಬಗ್ಗೆ ಮಾಹಿತಿ ನೀಡಿದ್ದರಿಂದಲೇ ಈ ಸುಧಾರಣೆ ಸಾಧ್ಯವಾಯಿತು.

5. ಹುಲ್ಲುಗಾವಲಿನಲ್ಲಿ ಇಳಿಯುವ ಸೊಯುಜ್

ರಷ್ಯಾದ ಸೊಯುಜ್ ನೌಕೆಯು ಕಜಾಕಸ್ಥಾನದ ವಿಶಾಲ ಹುಲ್ಲುಗಾವಲಿನಲ್ಲಿ ಇಳಿಯುತ್ತದೆ. ಭಾರತದ ಪ್ರಥಮ ಗಗನಯಾತ್ರಿ ರಾಕೇಶ್ ಶರ್ಮಾ ಅವರು 1984ರ ಏಪ್ರಿಲ್ 3ರಂದು ಸೊಯುಜ್ ಟಿ-11ರಲ್ಲಿ ತೆರಳಿ, ಏಪ್ರಿಲ್ 11ರಂದು ಸೊಯುಜ್ ಟಿ-10ರಲ್ಲಿ ಅಲ್ಲಿಯೇ ಬಂದಿಳಿದರು. ಈ ನೌಕೆಯು ಸಾಮಾನ್ಯವಾಗಿ ನಿಲ್ದಾಣದಿಂದ ಬೇರ್ಪಟ್ಟ ಸುಮಾರು ಮೂರೂವರೆ ಗಂಟೆಗಳಲ್ಲಿ ನೆಲ ತಲುಪುತ್ತದೆ. ನೆಲದಿಂದ ಒಂದು ಮೀಟರಿಗಿಂತಲೂ ಕಡಿಮೆ ಎತ್ತರವಿರುವಾಗ ತಳದ ಸಣ್ಣ ರಾಕೆಟ್ಟುಗಳು ಉರಿದು ಹೊಡೆತವನ್ನು ತಗ್ಗಿಸುತ್ತವೆ. ಆಗ ಏಳುವ ಧೂಳಿನ ಮೋಡವನ್ನು ಕಂಡು ನೌಕೆ ಸ್ಫೋಟಗೊಂಡಿತೆಂದು ಭಾವಿಸುವವರೂ ಉಂಟು. ಅದು ಸುರಕ್ಷಿತ ಇಳಿಯುವಿಕೆಯ ಗುರುತೇ ಆಗಿರುತ್ತದೆ.

ಎಲ್ಲ ಮರುಪ್ರಯಾಣಗಳೂ ಯೋಜನೆಯಂತೆಯೇ ನಡೆಯುವುದಿಲ್ಲ. 2008ರ ಏಪ್ರಿಲ್ 19ರಂದು ಸೊಯುಜ್ ಟಿಎಂಎ-11ರ ಭಾಗಗಳು ಸರಿಯಾಗಿ ಬೇರ್ಪಡದ ಕಾರಣ ನೌಕೆಯು ಕಡಿದಾದ ಪಥದಲ್ಲಿ ಇಳಿಯಿತು. ಒಳಗಿದ್ದ ಯೂರಿ ಮಾಲೆಂಚೆಂಕೋ, ಪೆಗ್ಗಿ ವಿಟ್ಸನ್ ಮತ್ತು ದಕ್ಷಿಣ ಕೊರಿಯಾದ ಯಿ ಸೋ-ಯೆಯೋನ್ ಅವರು ಭೂಗುರುತ್ವದ ಸುಮಾರು 8 ಪಟ್ಟು ಒತ್ತಡವನ್ನು ಸಹಿಸಬೇಕಾಯಿತು. ನೌಕೆಯು ಗುರಿಗಿಂತ 400 ಕಿ.ಮೀ.ಗೂ ಹೆಚ್ಚು ಹಿಂದೆ ಇಳಿದು, ಸುತ್ತಲಿನ ಹುಲ್ಲಿಗೆ ಬೆಂಕಿ ತಗುಲಿತು. ರಕ್ಷಣಾ ತಂಡಕ್ಕಿಂತ ಮೊದಲು ಸ್ಥಳೀಯ ಜನರೇ ಅಲ್ಲಿಗೆ ಬಂದರು. ಮೂವರೂ ಬದುಕುಳಿದರು. ಅದೇ ವಿಟ್ಸನ್ ಅವರು 17 ವರ್ಷಗಳ ನಂತರ ಆಕ್ಸಿಯಂ-4ರ ಕಮಾಂಡರ್ ಆಗಿ ಶುಕ್ಲಾ ಅವರನ್ನು ಕ್ಷೇಮವಾಗಿ ಕರೆತಂದರು.

6. ವೀಕ್ಷಕರ ಪಾತ್ರ: ಕೊಲಂಬಿಯಾ ದುರಂತದ ಪಾಠ

2003ರ ಫೆಬ್ರವರಿ 1ರಂದು ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ಷಟಲ್ 16 ದಿನಗಳ ಯಾನವನ್ನು ಮುಗಿಸಿ ಹಿಂತಿರುಗುತ್ತಿತ್ತು. ಹರಿಯಾಣದ ಕರ್ನಾಲ್‌ನಲ್ಲಿ ಜನಿಸಿದ ಕಲ್ಪನಾ ಚಾವ್ಲಾ ಅವರೂ ಸೇರಿದಂತೆ 7 ಮಂದಿ ಅದರಲ್ಲಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಷಟಲ್ ಹಾದುಹೋಗುವ ದೃಶ್ಯವನ್ನು ಚಿತ್ರೀಕರಿಸಲು ಹವ್ಯಾಸಿಗಳು ತಮ್ಮ ಮನೆಗಳ ಮುಂದೆ ಕ್ಯಾಮೆರಾ ಹಿಡಿದು ನಿಂತಿದ್ದರು. ಬೆಳಕಿನ ಗೆರೆಯಲ್ಲಿ ನಡುನಡುವೆ ಹಠಾತ್ ಮಿಂಚುಗಳು, ಹಿಂದೆ ಉಳಿಯುವ ಚುಕ್ಕೆಗಳು ಅವರ ಚಿತ್ರಗಳಲ್ಲಿ ದಾಖಲಾದವು. ನೌಕೆಯಿಂದ ತುಣುಕುಗಳು ಕಳಚುತ್ತಿವೆ ಎಂಬುದು ಆ ಹೊತ್ತಿನಲ್ಲಿ ನಿಯಂತ್ರಣ ಕೇಂದ್ರಕ್ಕೆ ತಿಳಿದಿರಲಿಲ್ಲ. ಸುಮಾರು 6 ನಿಮಿಷಗಳ ನಂತರ, ಇಳಿಯಲು ಇನ್ನು 16 ನಿಮಿಷಗಳಷ್ಟೇ ಇರುವಾಗ, ನೌಕೆಯು ಟೆಕ್ಸಾಸ್ ರಾಜ್ಯದ ಮೇಲೆ ಛಿದ್ರಗೊಂಡಿತು. ಏಳೂ ಮಂದಿ ಅಸುನೀಗಿದರು.

ಉಡಾವಣೆಯ ಸುಮಾರು 82ನೇ ಸೆಕೆಂಡಿನಲ್ಲಿ ಇಂಧನ ತೊಟ್ಟಿಯಿಂದ ಕಳಚಿದ ನೊರೆಪದರದ ತುಂಡೊಂದು ಎಡರೆಕ್ಕೆಯ ಅಂಚಿಗೆ ಬಡಿದು ರಂಧ್ರವನ್ನುಂಟುಮಾಡಿತ್ತು ಎಂಬುದು ತನಿಖೆಯಿಂದ ದೃಢಪಟ್ಟಿತು. ಮರುಪ್ರವೇಶದಲ್ಲಿ ಆ ರಂಧ್ರದ ಮೂಲಕ ಬಿಸಿ ಅನಿಲವು ರೆಕ್ಕೆಯೊಳಗೆ ನುಗ್ಗಿತ್ತು. ತುಣುಕುಗಳು ಮೊದಲು ಕಳಚಿದ್ದು ಎಲ್ಲಿ, ಯಾವ ಕ್ಷಣದಲ್ಲಿ ಎಂಬುದನ್ನು ತನಿಖಾ ಮಂಡಳಿಯು ನಿರ್ಧರಿಸಿದ್ದು ಸಾರ್ವಜನಿಕರು ಸಲ್ಲಿಸಿದ ವಿಡಿಯೋಗಳ ನೆರವಿನಿಂದ. ಬಳಿಕ ಸಾವಿರಾರು ಸ್ವಯಂಸೇವಕರು ಕಾಡು ಹೊಲಗಳಲ್ಲಿ ಸಾಲಾಗಿ ನಡೆದು ಹುಡುಕಿದರು. ಅಂದಾಜು 84,000 ತುಣುಕುಗಳು, ಅಂದರೆ ನೌಕೆಯ ತೂಕದ ಸುಮಾರು ಶೇಕಡ 38ರಷ್ಟು ಭಾಗ, ದೊರೆತವು. 2011ರಲ್ಲಿ ಬರದಿಂದ ಟೆಕ್ಸಾಸಿನ ಕೆರೆಯೊಂದರ ನೀರು ಇಳಿದಾಗ ಮತ್ತೊಂದು ತೊಟ್ಟಿ ಹೊರಬಂದಿತು.

ಈ ದುರಂತದ ಬಳಿಕ ಭಾರತದ ಹವಾಮಾನ ಉಪಗ್ರಹ ಮೆಟ್‌ಸ್ಯಾಟ್-1ಕ್ಕೆ ಕಲ್ಪನಾ-1 ಎಂದು ಮರುನಾಮಕರಣ ಮಾಡಲಾಯಿತು. ಕರ್ನಾಟಕ ಸರ್ಕಾರವು 2004ರಲ್ಲಿ ಯುವ ಮಹಿಳಾ ವಿಜ್ಞಾನಿಗಳಿಗಾಗಿ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತು.

ಸಾಮಾನ್ಯ ನಾಗರಿಕನೊಬ್ಬನು ತನ್ನ ಅಂಗಳದಲ್ಲಿ ನಿಂತು ಮಾಡಿದ ವೀಕ್ಷಣೆಯೂ ಸಮಯ, ಸ್ಥಳ ಮತ್ತು ದಿಕ್ಕುಗಳ ಸಹಿತ ದಾಖಲಾಗಿದ್ದಲ್ಲಿ ಅಮೂಲ್ಯ ಸಾಕ್ಷ್ಯವಾಗುತ್ತದೆ. ಚಿತ್ರೀಕರಿಸುವವರು ಗಡಿಯಾರದ ನಿಖರ ಸಮಯ, ತಾವು ನಿಂತ ಸ್ಥಳ ಮತ್ತು ಕ್ಯಾಮೆರಾ ನೋಡುತ್ತಿದ್ದ ದಿಕ್ಕನ್ನು ಬರೆದಿಟ್ಟುಕೊಳ್ಳುವುದು, ಚೌಕಟ್ಟಿನಲ್ಲಿ ನಕ್ಷತ್ರ ಅಥವಾ ಕಟ್ಟಡದಂತಹ ಸ್ಥಿರ ಗುರುತೊಂದು ಇರುವಂತೆ ನೋಡಿಕೊಳ್ಳುವುದು, ಮೂಲ ಕಡತವನ್ನು ತಿದ್ದದೆ ಉಳಿಸಿಕೊಳ್ಳುವುದು ಸೂಕ್ತ.

7. ಆಕಾಶದಲ್ಲಿ ಕಂಡದ್ದನ್ನು ಗುರುತಿಸುವ ಬಗೆ

(ಅ) ಉಲ್ಕೆ: ಒಂದೆರಡು ಸೆಕೆಂಡುಗಳಲ್ಲಿ ಮಿಂಚಿ ಮರೆಯಾಗುತ್ತದೆ.
(ಆ) ವಿಮಾನ: ಕೆಂಪು, ಹಸಿರು ದೀಪಗಳು ಮಿನುಗುತ್ತಿರುತ್ತವೆ.
(ಇ) ಬಾಹ್ಯಾಕಾಶ ನಿಲ್ದಾಣ ಅಥವಾ ಉಪಗ್ರಹ: ಮಿನುಗದ, ಬಾಲವಿಲ್ಲದ ಬೆಳಕಿನ ಚುಕ್ಕೆಯಾಗಿ ಕೆಲವು ನಿಮಿಷಗಳ ಕಾಲ ಸಾಗಿ, ಭೂಮಿಯ ನೆರಳನ್ನು ಹೊಕ್ಕಾಗ ಮಾಯವಾಗುತ್ತದೆ. ಇದು ಸೂರ್ಯನ ಬೆಳಕಿನ ಪ್ರತಿಫಲನ ಮಾತ್ರ.
(ಈ) ಮರಳುತ್ತಿರುವ ನೌಕೆ: ಉದ್ದನೆಯ ಬಾಲವುಳ್ಳ ಕಿತ್ತಳೆ ಅಥವಾ ಬಿಳಿ ಬೆಳಕು ಬಾನಿನ ಉದ್ದಕ್ಕೂ ಒಂದೆರಡು ನಿಮಿಷ ಸಾಗುತ್ತದೆ. ಸುಮಾರು 60 ಕಿ.ಮೀ. ಎತ್ತರದಲ್ಲಿ ಹಾದುಹೋದ ನೌಕೆಯ ಸದ್ದು ನೆಲವನ್ನು ತಲುಪಲು ಸುಮಾರು 3 ನಿಮಿಷ ಬೇಕಾಗುತ್ತದೆ.
(ಉ) ರಾಕೆಟ್ ಅವಶೇಷ: ಹಲವು ತುಣುಕುಗಳಾಗಿ ಒಡೆದು ಸಮಾನಾಂತರ ಗೆರೆಗಳಂತೆ ಸಾಗುತ್ತದೆ.

8. ಕರ್ನಾಟಕದಿಂದ ಕಾಣಬಹುದೇ?

ಸೊಯುಜ್ ನೌಕೆಯ ಇಳಿಪಥವು ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಮೇಲಿಂದ ಕಜಾಕಸ್ಥಾನದತ್ತ ಸಾಗುತ್ತದೆ. ಡ್ರ್ಯಾಗನ್ ನೌಕೆಯು ಪೆಸಿಫಿಕ್ ಸಾಗರದತ್ತ ಇಳಿಯುತ್ತದೆ. ಆದಕಾರಣ ಇವುಗಳ ಮರುಪ್ರವೇಶದ ಬೆಳಕು ನಮ್ಮ ರಾಜ್ಯದಿಂದ ಕಾಣುವುದಿಲ್ಲ. ಇವುಗಳನ್ನು ನೇರಪ್ರಸಾರದಲ್ಲಿ ಮಾತ್ರ ವೀಕ್ಷಿಸಬಹುದಾಗಿದೆ.

ಆದರೆ ಗಗನಯಾತ್ರಿಗಳು ವಾಸವಿರುವ ನಿಲ್ದಾಣವನ್ನು ರಾಜ್ಯದ ಎಲ್ಲ ಜಿಲ್ಲೆಗಳಿಂದಲೂ ಬರಿಗಣ್ಣಿನಿಂದ ಕಾಣಬಹುದು. ಸೂರ್ಯಾಸ್ತದ ನಂತರದ ಅಥವಾ ಸೂರ್ಯೋದಯಕ್ಕೆ ಮುಂಚಿನ ಒಂದೆರಡು ಗಂಟೆಗಳು ಇದಕ್ಕೆ ಪ್ರಶಸ್ತ. ಹಾದುಹೋಗುವ ವೇಳೆಯನ್ನು ನಾಸಾ ಸಂಸ್ಥೆಯು ಊರುವಾರು ಉಚಿತವಾಗಿ ಪ್ರಕಟಿಸುತ್ತದೆ. ಇಂತಹ ವೀಕ್ಷಣೆಗೆ ಯಾವುದೇ ಅರ್ಜಿ, ನೋಂದಣಿ, ಅನುಮತಿ ಅಥವಾ ಶುಲ್ಕದ ಅಗತ್ಯವಿರುವುದಿಲ್ಲ. ಖಗೋಳ ವಿಷಯಗಳಲ್ಲಿ ಆಸಕ್ತರು ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ ಹಾಗೂ ಮಂಗಳೂರಿನ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯಗಳಿಗೆ ಭೇಟಿ ನೀಡಬಹುದು.

9. ಭಾರತದ ಅನುಭವ

ಕಕ್ಷೆಯಿಂದ ವಸ್ತುವನ್ನು ಸುರಕ್ಷಿತವಾಗಿ ಮರಳಿ ತರುವ ಕಾರ್ಯದಲ್ಲಿ ಭಾರತವು ಹಂತಹಂತವಾಗಿ ಮುನ್ನಡೆದಿದೆ. 2007ರ ಜನವರಿ 10ರಂದು ಉಡಾಯಿಸಲಾದ 550 ಕಿಲೋಗ್ರಾಂ ತೂಕದ ಎಸ್‌ಆರ್‌ಇ-1 ಕೋಶವು 12 ದಿನಗಳ ನಂತರ, ಜನವರಿ 22ರಂದು, ಶ್ರೀಹರಿಕೋಟಾದಿಂದ ಸುಮಾರು 140 ಕಿ.ಮೀ. ಪೂರ್ವಕ್ಕೆ ಬಂಗಾಳ ಕೊಲ್ಲಿಯಲ್ಲಿ ಇಳಿಯಿತು. ಅದನ್ನು ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರದಿಂದ ನಿಯಂತ್ರಿಸಲಾಗಿತ್ತು. 2014ರ ಡಿಸೆಂಬರ್ 18ರಂದು ಮಾನವರಹಿತ ಯಾತ್ರಿಕೋಶವೊಂದನ್ನು ಸುಮಾರು 126 ಕಿ.ಮೀ. ಎತ್ತರದಿಂದ ಇಳಿಸಿ ಶಾಖಕವಚ ಮತ್ತು ಪ್ಯಾರಾಚೂಟುಗಳನ್ನು ಪರೀಕ್ಷಿಸಲಾಯಿತು. 2023ರ ಅಕ್ಟೋಬರ್ 21ರಂದು ತುರ್ತು ಸಂದರ್ಭದಲ್ಲಿ ಯಾತ್ರಿಗಳನ್ನು ಪಾರುಮಾಡುವ ವ್ಯವಸ್ಥೆಯ ಪರೀಕ್ಷೆ ನಡೆದು, ಸಮುದ್ರಕ್ಕಿಳಿದ ಕೋಶವನ್ನು ನೌಕಾಪಡೆಯು ಹೊರತೆಗೆಯಿತು. 2025ರ ಆಗಸ್ಟ್ 24ರಂದು ಹೆಲಿಕಾಪ್ಟರಿನಿಂದ ಕೋಶವನ್ನು ಬಿಟ್ಟು ಪ್ಯಾರಾಚೂಟುಗಳ ಪರೀಕ್ಷೆಯನ್ನು ಕೈಗೊಳ್ಳಲಾಯಿತು. ಇವೆಲ್ಲವೂ ಗಗನಯಾನ ಯೋಜನೆಗೆ ಮುನ್ನುಡಿಯಾಗಿವೆ. ಈ ಯೋಜನೆಯ ನೌಕೆಯು ಯಾತ್ರಿಗಳೊಂದಿಗೆ ಸಮುದ್ರದಲ್ಲಿ ಇಳಿಯುವಂತೆ ರೂಪಿಸಲಾಗಿದೆ. ಗಗನಯಾತ್ರಿಗಳ ತರಬೇತಿ ಕೇಂದ್ರವೂ ಬೆಂಗಳೂರಿನಲ್ಲಿಯೇ ಇದೆ.

10. ಆಕಾಶದಿಂದ ಬಿದ್ದ ವಸ್ತು ಕಂಡುಬಂದಲ್ಲಿ

2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರ, ಗುಜರಾತ್ ಮತ್ತು ಮಧ್ಯಪ್ರದೇಶಗಳ ಜನರು ಆಕಾಶದಲ್ಲಿ ಬೆಳಕಿನ ಸಾಲುಗಳನ್ನು ಕಂಡರು. ಅದೇ ರಾತ್ರಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ ಲೋಹದ ದೊಡ್ಡ ಬಳೆಯೊಂದು ಬಿದ್ದಿತು. ಗೋಲಾಕಾರದ ತೊಟ್ಟಿಯೂ ದೊರೆಯಿತು. ಇವು ಚೀನಾದ ರಾಕೆಟ್ಟಿನ ಅವಶೇಷಗಳೆಂದು ಪರಿಗಣಿಸಲಾಯಿತು. ಇಂತಹ ಸಂದರ್ಭ ಅಪರೂಪವಾದರೂ ಸಾರ್ವಜನಿಕರು ಈ ಕೆಳಕಂಡ ಕ್ರಮಗಳನ್ನು ಅನುಸರಿಸಲು ಕೋರಲಾಗಿದೆ.

(ಅ) ವಸ್ತುವನ್ನು ಮುಟ್ಟಬಾರದು, ಸರಿಸಬಾರದು. ತೊಟ್ಟಿಗಳಲ್ಲಿ ಹೈಡ್ರಾಜಿನ್‌ನಂತಹ ಅತ್ಯಂತ ವಿಷಕಾರಿ ಇಂಧನ ಉಳಿದಿರುವ ಸಾಧ್ಯತೆಯಿರುತ್ತದೆ.
(ಆ) ಮಕ್ಕಳು ಮತ್ತು ಜಾನುವಾರುಗಳನ್ನು ದೂರವಿರಿಸಬೇಕು. ವಾಸನೆ ಅಥವಾ ಹೊಗೆ ಕಂಡುಬಂದಲ್ಲಿ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ದೂರ ಸರಿಯಬೇಕು.
(ಇ) ಹತ್ತಿರದ ಪೊಲೀಸ್ ಠಾಣೆಗೆ ಅಥವಾ 112 ಸಂಖ್ಯೆಗೆ ತಕ್ಷಣ ತಿಳಿಸಬೇಕು.
(ಈ) ದೂರದಿಂದಲೇ ಛಾಯಾಚಿತ್ರ ತೆಗೆದು ಸಮಯ ಮತ್ತು ಸ್ಥಳವನ್ನು ಬರೆದಿಟ್ಟುಕೊಳ್ಳಬಹುದು.
(ಉ) ನೆನಪಿಗಾಗಿ ಅಥವಾ ಮಾರಾಟಕ್ಕಾಗಿ ತುಣುಕುಗಳನ್ನು ಇಟ್ಟುಕೊಳ್ಳಬಾರದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿದ್ದ ವಸ್ತುವು ಯಾರಿಗೆ ಸೇರುತ್ತದೆ?
ಉತ್ತರ: ಅಂತಾರಾಷ್ಟ್ರೀಯ ಒಪ್ಪಂದಗಳ ಪ್ರಕಾರ ಅದು ಉಡಾಯಿಸಿದವರ ಸ್ವತ್ತಾಗಿಯೇ ಉಳಿಯುತ್ತದೆ. ಅದರಿಂದ ನೆಲದ ಮೇಲೆ ಉಂಟಾದ ಹಾನಿಗೆ ಉಡಾಯಿಸಿದ ದೇಶವು ಹೊಣೆಯಾಗುತ್ತದೆ. ಭಾರತವೂ ಈ ಒಪ್ಪಂದಗಳಿಗೆ ಬದ್ಧವಾಗಿದೆ.

ಪ್ರಶ್ನೆ: ಬೇರೆ ದೇಶದ ಗಗನಯಾತ್ರಿಗಳು ತುರ್ತಾಗಿ ನಮ್ಮ ನೆಲದಲ್ಲಿ ಇಳಿದರೆ?
ಉತ್ತರ: 1968ರ ಒಪ್ಪಂದದಂತೆ ಅವರಿಗೆ ಸಾಧ್ಯವಿರುವ ಎಲ್ಲ ನೆರವನ್ನು ನೀಡಿ, ಅವರನ್ನು ಕ್ಷೇಮವಾಗಿ ಹಿಂತಿರುಗಿಸತಕ್ಕದ್ದು.

ಪ್ರಶ್ನೆ: ಕೆಲವು ನೌಕೆಗಳು 3 ಗಂಟೆಗಳಲ್ಲಿ, ಕೆಲವು 22 ಗಂಟೆಗಳಲ್ಲಿ ಇಳಿಯುವುದೇಕೆ?
ಉತ್ತರ: ಭೂಮಿಯು ಕಕ್ಷೆಯ ಕೆಳಗೆ ತಿರುಗುತ್ತಿರುವುದರಿಂದ ಇಳಿಯುವ ಸ್ಥಳವು ಪಥದ ನೇರಕ್ಕೆ ಬರುವವರೆಗೆ ಕಾಯಬೇಕಾಗುತ್ತದೆ. ಇಳಿಯುವಲ್ಲಿನ ಗಾಳಿ ಮತ್ತು ಅಲೆಗಳ ಸ್ಥಿತಿಯನ್ನೂ ಪರಿಗಣಿಸಲಾಗುತ್ತದೆ.

ಪ್ರಶ್ನೆ: ಗಗನಯಾತ್ರಿಗಳಿಗೆ ಒಳಗೆ ಶಾಖದ ಅನುಭವವಾಗುತ್ತದೆಯೇ?
ಉತ್ತರ: ಶಾಖಕವಚ ಸುಸ್ಥಿತಿಯಲ್ಲಿದ್ದಲ್ಲಿ ಒಳಗಿನ ಉಷ್ಣತೆಯು ಸಹನೀಯ ಮಟ್ಟದಲ್ಲಿಯೇ ಇರುತ್ತದೆ. ಕಿಟಕಿಯಾಚೆ ಜ್ವಾಲೆ ಕಾಣುತ್ತದೆ. ದೇಹವು ಮಾತ್ರ ತನ್ನ ತೂಕದ ನಾಲ್ಕೈದು ಪಟ್ಟು ಭಾರವಾದಂತೆ ಭಾಸವಾಗುತ್ತದೆ.

ಸಾರ್ವಜನಿಕರು ಮುಂದಿನ ಮರುಪ್ರಯಾಣಗಳನ್ನು ಮೇಲ್ಕಂಡ ಹಂತಗಳನ್ನು ನೆನಪಿನಲ್ಲಿಟ್ಟುಕೊಂಡು ವೀಕ್ಷಿಸಬೇಕಾಗಿಯೂ, ದೃಢಪಡದ ಸುದ್ದಿಗಳನ್ನು ಹರಡದಿರಬೇಕಾಗಿಯೂ, ಈ ಮಾಹಿತಿಯನ್ನು ಶಾಲಾ ಮಕ್ಕಳಿಗೆ ತಲುಪಿಸಬೇಕಾಗಿಯೂ ಕೋರಲಾಗಿದೆ.